ಕೂರಲು ಬಾರದ ಬ್ರೆಂಡಾ

ಜುಲೈ ಬಂತೆಂದರೆ ಜೊಂಬಾ ಬೆಟ್ಟದ ಕೆಳಗಿನ ನಮ್ಮ ಹಳ್ಳಿಗೆ ದೂರದೇಶದ ಚರ್ಚಿನಿಂದ ಸೇವೆಗೆಂದು ಬ್ರೆಂಡಾ ಬರುತ್ತಾಳೆ. ವ್ಯಾನಿನಿಂದ ಕಾಲು ನೆಲಕ್ಕೆ ತಾಗುವ ಮೊದಲೇ ಅಂಗಿಯ ತೋಳು ಮಡಚಿ, “ಏನಾದ್ರೂ ಕೆಲಸ ಕೊಡಿ” ಅನ್ನುತ್ತಾಳೆ. ಕೂರಲೆಂದು ಕುರ್ಚಿ ಕೊಟ್ಟರೆ ಕುರ್ಚಿಯನ್ನೇ ಒರೆಸುತ್ತಾಳೆ. ವರ್ಷವರ್ಷವೂ ಅವಳು ಗೋಡೆಗೆ ಬಳಿದ ನೀಲಿ ಬಣ್ಣ ದಪ್ಪವಾಗಿ ಶಾಲೆಯೊಳಗೆ ಒಂದು ಬೆಂಚಿನಷ್ಟು ಜಾಗವೇ ಕಡಿಮೆಯಾಗಿದೆ. ಆ ಗೋಡೆಗೊರಗಿ ಮಲಗಿದ್ದ ಪಾದ್ರಿಯ ಮೇಕೆ ಇಂದಿಗೂ ನೀಲಿ ಮರಿಗಳನ್ನೇ ಹಾಕುತ್ತದೆ, ನಂಬದವರು ಬಂದು ನೋಡಬಹುದು. “ಪಾದ್ರಿಗಳೇ, ಪೊರಕೆ ಬಚ್ಚಿಡಿ, ಅವಳು ಬಂದ್ಲು” ಎಂದು ಹೆಂಗಸರು ನಗುತ್ತಾರೆ. ಕಳೆದ ವರ್ಷ ಅವಳು ಇಲ್ಲಿದ್ದಾಗಲೇ ನಮ್ಮ ಹಳ್ಳಿಯ ನಗಾಮಾಳ ಎಳೆಯ ಮಗು ಜ್ವರದಲ್ಲಿ ತೀರಿಕೊಂಡಿತು. ಬ್ರೆಂಡಾ ಓಡಿಬಂದು, “ನೀರು ತರ್ಲಾ? ಅಡುಗೆ ಮಾಡ್ಲಾ?” ಎಂದಳು. “ಅದಕ್ಕೆಲ್ಲ ಜನ ಇದಾರೆ. ನೀನು ಅವಳ ಪಕ್ಕ ಕೂತ್ಕೊಳ್ಳೇ ತಾಯಿ, ಅದೇ ಕೆಲಸ” ಎಂದಳು ಒಬ್ಬ ಮುದುಕಿ. ಯಾರದೋ ಚಿಟೆಂಜೆ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡು, ಚಾಪೆಯ ಮೇಲೆ ನಗಾಮಾಳ ಭುಜಕ್ಕೆ ಭುಜ ತಾಗಿಸಿ, ಬೆಳಗಿನಿಂದ ಬೈಗಿನವರೆಗೂ ಬ್ರೆಂಡಾ ಸುಮ್ಮನೆ ಕೂತಳು. ಈ ಸಲ ವ್ಯಾನು ಬಂದಾಗ ಎಲ್ಲರಿಗಿಂತ ಮುಂದೆ ನಿಂತಿದ್ದವಳು ನಗಾಮಾ. ಬ್ರೆಂಡಾ ತೋಳು ಮಡಚುವಷ್ಟರಲ್ಲಿ ಅವಳ ಕೈ ಹಿಡಿದು, “ಕೆಲಸ ಏನೂ ಇಲ್ಲ ಕಣೇ” ಎಂದಳು, “ಬಾ, ಕೂತ್ಕೊಳ್ಳೋಣ.”