ನೆಲಮಾಳಿಗೆಯ ನೆಂಟರು

ಕಾದಂಬರಿಯನ್ನು ಅರ್ಧ ಓದುವಾಗಲೇ ಊರಿಗೆಲ್ಲ ಹೊಗಳಿಬಿಡುವ ಚಾಳಿ ನನ್ನದು. ಉಳಿದರ್ಧ ಓದಿ ನಾಲಿಗೆ ಕಚ್ಚಿಕೊಳ್ಳುವವನೂ ನಾನೇ.

ಎಪ್ಪತ್ತರ ದಶಕದ ಕೊನೆಯ ಮಾತು. ಕೋಲಾರದ ಬಾಡಿಗೆ ಪುಸ್ತಕದಂಗಡಿಯಿಂದ ಒಂದು ಮನೋವೈಜ್ಞಾನಿಕ ಪತ್ತೇದಾರಿ ಕಾದಂಬರಿ ತಂದೆ. ಗುರುತು ಪರಿಚಯವಿಲ್ಲದ ಆರು ಜನ ಒಂದು ನೆಲಮಾಳಿಗೆಯಲ್ಲಿ ಸಿಕ್ಕಿಬೀಳುತ್ತಾರೆ. ಮೊದಲು ಅನುಮಾನ, ಆಮೇಲೆ ಚಾಕು. ಬಸ್ಸಿನಲ್ಲೇ ಅರ್ಧ ನುಂಗಿ, ಶ್ರೀನಿವಾಸಪುರದಲ್ಲಿ ಇಳಿದವನೇ ದೊಡ್ಡಪ್ಪನ ಮುಂದೆ ನಿಂತೆ. ಗಣೇಶನ ಹಬ್ಬಕ್ಕೆ ಈ ಸಲ ಪೌರಾಣಿಕ ಬೇಡ, ಇದನ್ನೇ ನಾಟಕ ಮಾಡೋಣವೆಂದೆ.

ದೊಡ್ಡಪ್ಪ ನಮ್ಮೂರಿನ ಕಾಯಂ ದುರ್ಯೋಧನ. ಗದೆ ಕೆಳಗಿಡುವುದೆಂದರೆ ಅವರಿಗೆ ಪ್ರಾಣಸಂಕಟ. ಗೋಗರೆದ ಮೇಲೆ ಒಪ್ಪಿದರು. "ಜನ ಎದ್ದುಹೋದ್ರೆ ಮಾತ್ರ ಈ ಜನ್ಮದಲ್ಲಿ ನಿಂಗೆ ಸ್ಟೇಜಿಲ್ಲ ಕಣೋ, ತಿಳ್ಕೋ!"

ಮರುದಿನ ಕೊನೆಯ ಪುಟ ಓದಿದೆ. ಆರು ಜನವೂ ಒಬ್ಬ ರೋಗಿಯ ತಲೆಯೊಳಗಿನ ಭ್ರಮೆಯಂತೆ! ಅಯ್ಯೋ ನಿನ್ನ! ನಮ್ಮ ಋಷಿಗಳು ಗುಹೆ ಹೊಕ್ಕು ಬ್ರಹ್ಮವನ್ನೇ ಹುಡುಕಿದರು. ಈ ಕಾದಂಬರಿಕಾರ ಮಹಾಶಯ ಅಷ್ಟು ಆಳಕ್ಕಿಳಿದು ಬರಿಗೈಲಿ ಮೇಲೆ ಬಂದಿದ್ದ. ಆದರೇನು, ಊರಿಗೆಲ್ಲ ಸಾರಿದ್ದಾಗಿತ್ತು. ಹಾಗೇ ತಾಲೀಮು ನಡೆಸಿದೆ.

ಸಾಲದ್ದಕ್ಕೆ, ಕೊನೆಯಲ್ಲಿ ಕೊಲೆಯಾಗಬೇಕಿದ್ದವನಿಗೆ ನಾಟಕದ ದಿನವೇ ಜ್ವರ. ಅವನ ಭಾವಮೈದ, ಹಬ್ಬಕ್ಕೆಂದು ಬಂದ ಮುಳಬಾಗಿಲ ಕಡೆಯ ರೈತ ಮುನಿಯಪ್ಪನನ್ನು ಬಸ್ಸಿನಿಂದ ಇಳಿಸಿ ನೇರ ಸ್ಟೇಜಿಗೆ ಹತ್ತಿಸಿದೆವು. "ಯಾರು ನೀನು?" ಎಂದು ಕಿರುಚಿ ಸತ್ತರೆ ಸಾಕೆಂದು ಹೇಳಿಕೊಟ್ಟೆವು.

ನಾಟಕ ಶುರುವಾಯಿತು. ಜನ ಆಕಳಿಸಿದರು. ಕೆಲವರು ಟವೆಲ್ ಕೊಡವಿ ಎದ್ದೂಬಿಟ್ಟರು. ಮುಂದಿನ ಸಾಲಿನ ದೊಡ್ಡಪ್ಪ ಅವರನ್ನೊಮ್ಮೆ, ಪರದೆ ಪಕ್ಕದಲ್ಲಿದ್ದ ನನ್ನನ್ನೊಮ್ಮೆ ನೋಡಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಕೊಲೆಗಾರ, ಅಂದರೆ ಮಾವಿನ ಮಂಡಿಯ ಬಷೀರ್ ಸಾಬರು, ಚಾಕು ಎತ್ತಿದರು. ಮುನಿಯಪ್ಪ ಕಿರುಚಲಿಲ್ಲ. ಹೊಸಬರನ್ನು ಕಂಡಾಗಿನ ಅಭ್ಯಾಸಬಲದಿಂದ ಕೈಮುಗಿದು, "ತಮ್ದು ಯಾವೂರು ಸ್ವಾಮಿ?" ಎಂದುಬಿಟ್ಟ.

ಊರು ಕೇಳಿದರೆ ಬಾಯಿ ಮುಚ್ಚಿಕೊಂಡಿರುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? "ಇಲ್ಲೇ, ಮಂಡಿ ಐತೆ ನಮ್ದು," ಎಂದರು ಸಾಬರು. "ನಿಮ್ದು?"

"ಮುಳಬಾಗಿಲು ಹತ್ರ. ಕೆರೆ ಕೆಳಗೆ ಮಾವಿನ ತೋಪೈತೆ."

"ಅರೆ! ಆ ತೋಪಿನ ಫಸಲು ನಮ್ಮ ಅಬ್ಬಾನೇ ಅಲ್ವಾ ಹಿಡೀತಿದ್ದಿದ್ದು!"

"ಓರಿ ದೇವುಡಾ! ಖಾದರ್ ಸಾಬ್ರ ಮಗನಾ ನೀವು? ನಮ್ಮ ಮದುವೆಗೆ ಗಾಡಿ ತುಂಬಾ ಹಣ್ಣು ಕಳ್ಸಿದ್ರಲ್ಲಾ!"

ಚಾಕು ಸೊಂಟ ಸೇರಿತು. ಆಗಲೇ ಸತ್ತು ಬಿದ್ದಿದ್ದ ಟೇಕಲ್ಲಿನ ಮೇಷ್ಟ್ರು ತಲೆಯೆತ್ತಿ, "ನಮ್ಮಕ್ಕನ್ನ ಕೊಟ್ಟಿರೋದೂ ಆ ಕಡೇನೇ," ಎಂದರು. ಉಳಿದ ಹೆಣಗಳೂ ಎದ್ದು ಕುಳಿತು ತಮ್ಮ ತಮ್ಮ ಊರು ಹೇಳತೊಡಗಿದವು. ಜನ ಬಿದ್ದು ಬಿದ್ದು ನಕ್ಕರು. ಎದ್ದುಹೋದವರು ಓಡಿಬಂದು ಕೂತರು. ಚಪ್ಪಾಳೆಗೆ ಚಪ್ಪರ ಅಲ್ಲಾಡಿತು. ಗೆದ್ದುಬಿಟ್ಟಿದ್ದೆ! ಕೂಡಿಹಾಕಿದರೆ ಅಪರಿಚಿತರು ಮೃಗಗಳಾಗುತ್ತಾರೆಂದು ಕಾದಂಬರಿಕಾರನ ಸಿದ್ಧಾಂತ. ನಮ್ಮ ಕಡೆ ಅಪರಿಚಿತರಾಗಿ ಉಳಿಯಲು ಬಿಟ್ಟರೆ ತಾನೆ?

ದೊಡ್ಡಪ್ಪ ಬಂದು ಬೆನ್ನು ತಟ್ಟಿ, "ಮುಂದಿನ ವರ್ಷಾನೂ ಸ್ಟೇಜ್ ನಿಂದೇ ಕಣೋ," ಎಂದರು. ನಾನು ಉಬ್ಬಿಹೋದೆ. "ಕೊಳದಲ್ಲಿ ಅಡಗಿದ್ದ ದುರ್ಯೋಧನನ್ನ ಭೀಮ ಹೀಗೇ ಊರು, ಮನೆ ವಿಚಾರಿಸಿದ್ದಿದ್ರೆ ತೊಡೆ ಉಳೀತಿತ್ತಲ್ವಾ ದೊಡ್ಡಪ್ಪ?"

ವರ್ಷಾವರ್ಷ ಮುರಿಸಿಕೊಂಡ ತೊಡೆಯನ್ನು ದೊಡ್ಡಪ್ಪ ಮೆಲ್ಲಗೆ ಸವರಿಕೊಂಡರು.

"ವಿಚಾರಿಸೋಕೆ ಏನಿತ್ತೋ ಪೆದ್ದೇ? ಅಣ್ಣತಮ್ಮಂದಿರು ಅಂತ ಗೊತ್ತಿದ್ದೇ ಹೊಡೆದಾಡಿದ್ದು!"