ಚಹಾ ಬ್ರೆಡ್ ತಿಂದರೂ ಏಳದವರು

ನೆಲೋಗಿಯಲ್ಲಿ ಬಾಡಿಗೆಗಿದ್ದಾಗ ಒಂದು ಭಾನುವಾರ ಮನೆಯಲ್ಲಿದ್ದ ಹಾಲನ್ನೆಲ್ಲ ಶುಂಠಿ, ಏಲಕ್ಕಿ, ಚಹಾಪುಡಿ ಹಾಕಿ ಕುದಿಸಿದೆ. ಅದರಲ್ಲಿ ಮೈದಾ, ಸಕ್ಕರೆ, ಸೋಡಾ ಕಲಸಿ, ಡಬ್ಬಿಗೆ ಸುರಿದು, ಸೀಟಿ ತೆಗೆದ ಕುಕ್ಕರಿನಲ್ಲಿಟ್ಟು ಚಹಾ ಬ್ರೆಡ್ ಮಾಡಿದೆ. ಅದು ಆರುವ ಮೊದಲೇ ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮನೆ ಮಾಲಕಿ ಅಫಜಲಪುರದಿಂದ ಬಂದಿದ್ದ ತಮ್ಮ ಅಣ್ಣನನ್ನು ಕರೆದುಕೊಂಡು ಬಂದರು. ಚಹಾ ಮಾಡೋಣವೆಂದರೆ ಹಾಲಿಲ್ಲ. ಬಂದವರನ್ನು ಚಹಾ ಕೊಡದೆ ಕಳಿಸಿದರೆ ಈ ಕಡೆ ಓಣಿಯೆಲ್ಲ ಮಾತಾಗುತ್ತದೆ. ಧೈರ್ಯ ಮಾಡಿ ಬ್ರೆಡ್ಡನ್ನೇ ಕೊಯ್ದು ಕೊಟ್ಟೆ.

ಖಾಲಾ ಅವರ ಅಣ್ಣ, ಆ ಹಿರಿಯರು, ತಿಂದು, "ಭಾಳ ಚಲೋ ಐತ್ರಿ" ಎಂದು ಕೈ ಒರೆಸಿಕೊಂಡರು. ಏಳಲಿಲ್ಲ. ತೊಗರಿಯ ಮಾತು ಮುಗಿಯಿತು, ಬಿಸಿಲಿನ ಮಾತೂ ಮುಗಿಯಿತು. ಕಣ್ಣು ಮಾತ್ರ ಒಲೆಯ ಕಡೆಗೇ.

ಖಾಲಾ ನನ್ನ ಕಿವಿಯಲ್ಲಿ, "ಬೇಟಿ, ಅವರು ಚಹಾಕ್ಕ ಕುಂತಾರ" ಎಂದರು.

"ಚಹಾ ಅದ್ರಾಗೇ ಐತ್ರಿ ಖಾಲಾ!"

ಅಣ್ಣನಿಗೂ ಕೇಳಿಸಿತು. "ಹೌದ್ರಿ? ಬಾಯಿಗೆ ಗೊತ್ತಾತ್ರಿ, ಗಂಟಲಕ್ಕ ಗೊತ್ತಾಗವಲ್ದು."

ಕಡೆಗೆ ಖಾಲಾ ತಮ್ಮ ಮನೆಯಿಂದಲೇ ಚಹಾ ತಂದರು. ಹಿರಿಯರು ಉಳಿದ ಬ್ರೆಡ್ಡನ್ನೆಲ್ಲ ಅದರಲ್ಲಿ ಅದ್ದಿ ತಿಂದು ಎದ್ದರು. ಹೊಸ್ತಿಲ ಬಳಿ ನಿಂತು ಕನಿಕರದಿಂದ ಹೇಳಿದರು: "ಮುಂದಿನ ಸಲ ಇಷ್ಟ ತ್ರಾಸ ತಗೋಬ್ಯಾಡ್ರಿ. ಬರೇ ಚಹಾ ಸಾಕು."

ನನಗೆ ಉಳಿದದ್ದು ಡಬ್ಬಿಯ ತಳಕ್ಕೆ ಅಂಟಿದ ಚೂರು. ಕೆರೆದು ತಿಂದೆ. ಸುಳ್ಳು ಯಾಕೆ, ನನಗೂ ಒಂದು ಕಪ್ ಚಹಾ ಬೇಕೆನಿಸಿತು.