ಕಾಲುವೆಯಾಚೆ ಮಲಗಿದ್ದ ನಮ್ಮ ಮಗಳು

ಪ್ರಭುವಿನಲ್ಲಿ ಭರವಸೆ ಇಟ್ಟ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಹೆಂಡತಿ ಲೂರ್ದಮ್ಮನಿಗೆ ಸತ್ತ ಮಗುವಿನ ಅಳು ಕೇಳಿಸಲು ಶುರುವಾದದ್ದು ಎಪ್ಪತ್ತರ ದಶಕದಲ್ಲಿ, ಈಸ್ಟರಿಗೆ ಮುಂಚಿನ ಒಂದು ತಪಸ್ಸುಕಾಲದಲ್ಲಿ. ಆಗ ನಾನು ಕುರುಗೋಡಿನ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಚೊಚ್ಚಲ ಹೆರಿಗೆಗೆಂದು ಅವಳು ಸಿರುಗುಪ್ಪದ ತವರಿಗೆ ಹೋಗಿದ್ದಳು. ಕ್ರಿಸ್‌ಮಸ್ ಕಳೆದ ವಾರದಲ್ಲಿ, ದಿನ ತುಂಬುವ ಮೊದಲೇ, ಮನೆಯಲ್ಲೇ ಹೆಣ್ಣುಮಗು ಹುಟ್ಟಿತು. ಲೂರ್ದಮ್ಮನಿಗೆ ರಕ್ತ ನಿಲ್ಲಲಿಲ್ಲ. ಅತ್ತೆ ಮಾವ ಅವಳನ್ನು ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದರು. ಮಗುವನ್ನು ಪಕ್ಕದ ಮನೆಯ ಹುಸೇನಮ್ಮನ ಮಡಿಲಿಗೆ ಹಾಕಿ ಹೋಗಿದ್ದರು. ಅವರು ಮರಳುವಷ್ಟರಲ್ಲಿ ಮಗು ಹೋಗಿತ್ತು.

ಸುದ್ದಿ ತಿಳಿದು ನಾನು ಬಸ್ಸು ಹಿಡಿದು ತಲುಪಿದಾಗ ಮಣ್ಣು ಮಾಡಿಯೂ ಆಗಿತ್ತು. ಕಾಲುವೆಯಾಚೆ, ಗದ್ದೆಗಳ ಅಂಚಿನಲ್ಲಿ, ನಮ್ಮವರ ಮೂರ್ನಾಲ್ಕು ಸಮಾಧಿಗಳಿದ್ದ ಕಡೆ ಮಾವ ತಾವೇ ಗುಂಡಿ ತೋಡಿದ್ದರು. ಮಗುವಿನ ಮುಖವನ್ನು ನಾನು ನೋಡಲಿಲ್ಲ, ಅವಳೂ ನೋಡಲಿಲ್ಲ.

ಹಾಸಿಗೆಯಿಂದೆದ್ದ ಮಗಳಿಗೆ ಅತ್ತೆ ಹೇಳಿದ ಮಾತು ಅವಳ ಎದೆಯಲ್ಲಿ ನಾಟಿಬಿಟ್ಟಿತು. "ನೀರು ಬೀಳದ ಕೂಸವ್ವಾ. ದೇವರ ಮುಖ ಕಾಣಂಗಿಲ್ಲಂತ ನಮ್ಮ ಹಿರೇರು ಹೇಳ್ತಿದ್ರು." ದೀಕ್ಷಾಸ್ನಾನ ಆಗದೆ ಹೋದ ಮಗು ಎಂಬ ದುಃಖ ಅತ್ತೆಗೆ. ಹಗೆಯಿಂದ ಆಡಿದ ಮಾತಲ್ಲ.

ಕುರುಗೋಡಿಗೆ ಬಂದ ಮೇಲೆ ಮಧ್ಯಾಹ್ನವಾದರೆ ನನಗೆ ದಿಗಿಲಾಗುತ್ತಿತ್ತು. ಸುತ್ತಲಿನ ಬಂಡೆಗುಡ್ಡಗಳು ಕಾದು, ಬೀದಿಯಲ್ಲಿ ನಾಯಿಯೂ ಓಡಾಡದ ಹೊತ್ತು. ಉಣ್ಣುತ್ತ ಕೂತವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಕತ್ತು ಎತ್ತುತ್ತಿದ್ದಳು.

"ಅಳಾಕತ್ತೈತ್ರಿ."

"ಯಾರ ಮನಿ ಕೂಸೋ ಇರಬೇಕು, ಉಣ್ಣು."

"ನಂದು ನನಗ ತಿಳಿಯಂಗಿಲ್ಲೇನು?"

ಒಂದು ದಿನ ದವಾಖಾನೆಯಿಂದ ಮನೆಗೆ ಬಂದರೆ ಬಾಗಿಲು ತೆರೆದಿತ್ತು, ಒಲೆಯ ಮೇಲೆ ಅನ್ನ ಸೀದಿತ್ತು. ಹುಡುಕಿಕೊಂಡು ಸಿರುಗುಪ್ಪದವರೆಗೂ ಹೋದೆ. ಕಾಲುವೆಯ ಏರಿಯ ಮೇಲೆ ಕೂತಿದ್ದಳು. ಎದೆಹಾಲು ಬತ್ತಿ ಎಷ್ಟೋ ದಿನಗಳಾಗಿದ್ದವು. ಆದರೂ ಅವಳ ಕುಪ್ಪಸ ಒದ್ದೆಯಾಗಿತ್ತು. "ಇಲ್ಲಿ ಬಂದ್ರ ಸುಮ್ಮಾಕ್ಕೈತಿ, ಮನಿಗೆ ಹೋದ್ರ ಮತ್ತ ಅಳತೈತಿ" ಎಂದಳು. ನೀರು ತುಂಬಿ ಹರಿಯುತ್ತಿತ್ತು. ನಾನು ಅವಳ ರಟ್ಟೆಯನ್ನು ಬಸ್ಸು ಹತ್ತುವ ತನಕ ಬಿಡಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಆಮೇಲೆ ಒಂದು ಮಧ್ಯಾಹ್ನ ಅವಳು ನಿದ್ದೆಹೋಗಿದ್ದಾಗ, ಹಿತ್ತಿಲ ಕಡೆಯಿಂದ ಆ ಅಳು ನನಗೂ ಕೇಳಿಸಿತು. ಸಣ್ಣದು, ಬಲವಿಲ್ಲದ್ದು. ಬೆಕ್ಕಲ್ಲ, ಎದ್ದು ಹೋಗಿ ನೋಡಿದೆ. ಏನೂ ಇರಲಿಲ್ಲ. ನನ್ನ ತಲೆಯೂ ಕೆಟ್ಟರೆ ಇವಳನ್ನು ಹಿಡಿಯುವವರು ಯಾರು ಎಂದುಕೊಂಡು ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆ.

ಆ ಭಾನುವಾರ ಬಳ್ಳಾರಿಯ ಚರ್ಚಿಗೆ ಪೂಜೆಗೆ ಹೋದವನು ಎಲ್ಲರೂ ಹೊರಟ ಮೇಲೂ ಮರಿಯಮ್ಮನವರ ಸ್ವರೂಪದ ಮುಂದೆ ಮೊಣಕಾಲೂರಿದ್ದೆ. "ತಾಯಿ, ಮಗುವನ್ನು ವಾಪಸು ಕೇಳುವುದಿಲ್ಲ. ಅದು ಎಲ್ಲಿದೆಯೆಂದು ಅದರ ತಾಯಿಗೆ ತಿಳಿಸು" ಎಂದಷ್ಟೇ ಬೇಡಿದೆ.

ಹೊರಬಂದಾಗ ಇನ್ನಾಸಪ್ಪ ಕಾದು ನಿಂತಿದ್ದರು. ಅವರು ಗಾಂಧಿನಗರದಲ್ಲಿ ಬಟ್ಟೆ ಹೊಲಿಯುವವರು, ನಮ್ಮ ಧರ್ಮಕೇಂದ್ರದ ಸಹೋದರ ಸೇವಾಸಂಘದ ಹಿರಿಯರು. ಹಬ್ಬದ ಮೆರವಣಿಗೆಯಲ್ಲಿ ಬಾವುಟ ಹಿಡಿಯುವ ಗಂಡಸರ ಗುಂಪೆಂದಷ್ಟೇ ನಾನು ಆ ಸಂಘವನ್ನು ತಿಳಿದಿದ್ದೆ. ಅವರು ಕೇಳಿದರು, ನಾನು ಎಲ್ಲವನ್ನೂ ಹೇಳಿದೆ. "ನಾವು ಬರ್ತೀವಿ" ಎಂದರು.

ಕೆಲಸದ ದಿನವೇ ಹೊಲಿಗೆ ಬಿಟ್ಟು, ಇನ್ನೊಬ್ಬ ಸದಸ್ಯರನ್ನು ಕರೆದುಕೊಂಡು ಕುರುಗೋಡಿಗೆ ಬಂದರು. ಬುದ್ಧಿ ಹೇಳಲಿಲ್ಲ. ಚಾಪೆಯ ಮೇಲೆ ಕೂತು ಜಪಮಾಲೆ ಹೇಳಿದರು. ನಡುವೆ ಲೂರ್ದಮ್ಮ ಕತ್ತೆತ್ತಿ ಕೇಳಿದಳು, "ಅಣ್ಣಾ, ನಿಮಗ ಕೇಳಿಸ್ತೈತೇನ್ರಿ?"

ಇನ್ನಾಸಪ್ಪ ತಡೆದು ಆಲಿಸಿದರು. "ನನಗ ಕೇಳಸವಲ್ದವ್ವಾ. ನಿನಗ ಕೇಳಿಸ್ತೈತಿ ಅಂದ್ರ ನಾ ಇಲ್ಲ ಅನ್ನಂಗಿಲ್ಲ. ಸ್ವಾಮ್ಯಾರನ್ನ ಕರಕೊಂಡು ಕೂಸಿನ ಹತ್ರ ಹೋಗೂಣು."

ಅಷ್ಟು ದಿನಗಳಲ್ಲಿ ಅವಳು ಮೊದಲ ಬಾರಿಗೆ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡಳು.

ಈಸ್ಟರ್ ಹಬ್ಬದ ಮರುವಾರ ಬಳ್ಳಾರಿಯಿಂದ ಚರ್ಚಿನ ಗುರುಗಳೂ ಸಂಘದವರೂ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಬಂದರು. ಕಾಲುವೆ ದಾಟಿ ಸಮಾಧಿಯ ಸುತ್ತ ನಿಂತೆವು. ಓಣಿಯ ಕೆಲವರೂ ಬಂದು ದೂರ ನಿಂತಿದ್ದರು. ಗುರುಗಳು ಪುಸ್ತಕ ತೆರೆಯುವಾಗ ಅತ್ತೆ ಅಳುತ್ತ, "ನೀರು ಬೀಳದ ಕೂಸು ಸ್ವಾಮಿ, ಅದಕ್ಕೂ ಮಂತ್ರ ನಡಿತೈತೇನು?" ಎಂದರು.

ಆಗ ಹಿಂದಿನಿಂದ ಹುಸೇನಮ್ಮ, "ನೀರು ಹಾಕೀನಲ್ಲ" ಎಂದಳು.

ಎಲ್ಲರೂ ತಿರುಗಿದೆವು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಏನ್ ಮಾಡಿದಿ ತಾಯಿ? ಹೆದರಬ್ಯಾಡ, ಹೇಳು," ಎಂದರು ಗುರುಗಳು.

"ನನ್ನ ಬಾಣಂತನ ನಿಮ್ಮ ಮಿಷನ್ ದವಾಖಾನ್ಯಾಗ ಆಗಿದ್ದು. ಬಾಜೂ ಮಂಚದಾಗ ನಿಮ್ಮವರ ಕೂಸೊಂದು ಸಾಯಾಕತ್ತಿತ್ತು. ಸಿಸ್ಟರಮ್ಮ ತಲಿ ಮ್ಯಾಲೆ ನೀರು ಬಿಟ್ಟು, ತಂದಿ ಹೆಸರಾಗ, ಮಗನ ಹೆಸರಾಗ, ಪವಿತ್ರ ಆತ್ಮದ ಹೆಸರಾಗ ಸ್ನಾನ ಕೊಡ್ತೀನಿ ಅಂದ್ರು. ಈ ಕೂಸು ನನ್ನ ತೊಡಿ ಮ್ಯಾಲೆ ನೀಲಿ ಆತು. ನಾನೂ ಹಂಗ ನೀರು ಬಿಟ್ಟು ಹಂಗ ಅಂದೆ. ಹೆಸರು ಬೇಕಲ್ಲ, ಮರಿಯಾ ಅಂದೆ. ಇವರ ದೇವರ ಕಡಿಗೆ ಇವರ ರೀತೀಲೇ ಹೋಗ್ಲಿ ಅಂತ."

"ಯಾಕವ್ವಾ ಹೇಳಲಿಲ್ಲ?" ಎಂದರು ಮಾವ.

"ಬ್ಯಾರೆ ಜಾತಿಯಾಕಿ ಹಿಂಗ ಮಾಡಿದ್ಲು ಅಂದ್ರ ನೀವು ಏನಂತೀರೋ ಅಂತ."

ಗುರುಗಳು ಲೂರ್ದಮ್ಮನಿಗೆ ಹೇಳಿದರು, "ಅಮ್ಮಾ, ಸಾಯುವ ಮಗುವಿಗೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಆ ನೀರು ಸಾಕು. ಮರಿಯಾ ದೇವರ ಹತ್ತಿರ ಇದ್ದಾಳೆ."

ಲೂರ್ದಮ್ಮ ಹುಸೇನಮ್ಮನ ಎರಡೂ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡಳು. "ಅತ್ತಿತ್ತೇನು?"

"ತಣ್ಣೀರು ಬಿದ್ದಾಗ ಒಂದ್ಸಲ ಅತ್ತು. ಆಮ್ಯಾಲೆ ನನ್ನ ಕೈಬಟ್ಟು ಹಿಡಕೊಂಡು ಮಲಗಿತವ್ವಾ."

"ನನಗ ಕೇಳಿಸೂದು ಅದ ಅಳು" ಎಂದಳು ಲೂರ್ದಮ್ಮ.

ಅಳು ಅಂದೇ ನಿಂತಿತೆಂದು ಬರೆದರೆ ಸುಳ್ಳಾದೀತು. ಕೆಲವು ವಾರ ಮಧ್ಯಾಹ್ನಗಳಲ್ಲಿ ಅವಳು ಕತ್ತೆತ್ತುತ್ತಿದ್ದಳು. ಆದರೆ ಎದ್ದು ಹೋಗದೆ "ನಮೋ ಮರಿಯಾ" ಎಂದು ಮತ್ತೆ ಉಣ್ಣುತ್ತಿದ್ದಳು. ಮಳೆಗಾಲದ ಹೊತ್ತಿಗೆ ಅದೂ ಇಲ್ಲವಾಯಿತು. ಆ ಅಳು ಏನೆಂದು ನನಗೆ ಇಂದಿಗೂ ತಿಳಿಯದು. ನಂಬಿಕೆಗೆ ಅದು ಅಡ್ಡಿಯಾಗಿಲ್ಲ.

ಬಳ್ಳಾರಿಗೆ ವರ್ಗವಾದ ಕೂಡಲೇ ನಾನು ಸಂಘ ಸೇರಿದೆ. ಹದಿನೆಂಟು ತುಂಬಿದ, ಪೂಜೆ ಪಾಪನಿವೇದನೆ ಬಿಡದ ಯಾವ ಕಥೋಲಿಕ ಗಂಡಸಾದರೂ ಸೇರಬಹುದು. ಕೂಲಿಯವನೋ ಸಾಹೇಬನೋ ಎಂದು ಕೇಳುವುದಿಲ್ಲ. ರೋಗಿಗಳ ಬಳಿ ಕೂರುವುದು, ವಿಧವೆಯರ ಮನೆಗೆ ಹೋಗಿಬರುವುದು, ಯಾರೂ ಇಲ್ಲದವರನ್ನು ಮಣ್ಣಿಗಿಡುವುದು ನಮ್ಮ ಕೆಲಸ. ಹೋದ ಮನೆಗಳಲ್ಲಿ ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಇನ್ನಾಸಪ್ಪನವರು ಕೂತ ಹಾಗೆ ಕೂರುತ್ತೇನೆ.

ದೇವಮಾತೆಗೆ ನನ್ನ ಕೃತಜ್ಞತೆ ತೀರುವಂಥದ್ದಲ್ಲ. ನಾನು ಕೇಳಿದ್ದಕ್ಕೆ ಉತ್ತರವನ್ನು ಅವರು ನಾನು ಬೇಡುವ ಮೊದಲೇ ಒಬ್ಬ ನೆರೆಯವಳ ಮಡಿಲಲ್ಲಿ ಇಟ್ಟಿದ್ದರು. ಹುಸೇನಮ್ಮ ಈಗ ಕಣ್ಣು ಕಾಣದೆ, ಸಿರುಗುಪ್ಪದ ಕಡೆಯ ಕರೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಇದನ್ನು ಓದಿದವರು ಇಂದಿನ ನಿಮ್ಮ ಜಪದಲ್ಲಿ ಅವಳ ಹೆಸರನ್ನೂ ಹೇಳಿ.